ಒಳಗಿನ ಕಿಸೆ

ಅಳತೆ ಹೇಳಲಿಲ್ಲ ಹುಡುಗ.
ಪೇಪರಲ್ಲಿ ಸುತ್ತಿದ್ದೊಂದನ್ನು
ಕತ್ತರಿಯ ಪಕ್ಕ ಇಟ್ಟ.
‘ಇಷ್ಟುದ್ದ. ಬಲಗಡೆ. ಹೊರಗೆ ಕಾಣಬಾರದು, ಮಾಮಾ.’

ಕೌಲ್‌ಬಜಾರಿನಲ್ಲಿ ಇಪ್ಪತ್ತೆರಡು ವರ್ಷ
ಜೀನ್ಸು ಹೊಲಿದ ಕೈ.
ಮುಟ್ಟಿದರೆ ಗೊತ್ತಾಗುತ್ತದೆ
ಮೊಬೈಲೋ, ಬಾಟಲಿಯೋ.
ಇದು ಬೆಚ್ಚಗಿತ್ತು,
ಅವನ ಹೊಟ್ಟೆಯಷ್ಟೇ.

ಹೆಸರು ಎರ್ರಿಸ್ವಾಮಿ. ಸಿವಿಲ್ಲು, ಎರಡನೇ ವರ್ಷ.
ಹಾಸ್ಟೆಲಿನಲ್ಲಿ ಯಾರೋ ಏನೋ ಅಂದರಂತೆ.
ಏನಂದರು ಅಂತ ಕೇಳಿದೆ,
ಉಗುರು ಕಚ್ಚಿದ.

ನನ್ನ ಮಗಳದೂ ಅದೇ ಕಾಲೇಜು,
ಅದೇ ಬಸ್ಸು, ಅದೇ ನೂಕಾಟ.
ಇವನ ಬಲಗಡೆ ದಿನಾ ಯಾರು ನಿಲ್ಲುತ್ತಾರೋ.

ಒಲ್ಲೆ ಅಂದರೆ ಪಕ್ಕದಂಗಡಿಗೆ ಹೋಗುತ್ತಾನೆ,
ಈ ಗಲ್ಲಿಯಲ್ಲೇ ನಲವತ್ತು ಮಿಷನ್ನು.
ಹ್ಞೂಂ ಅಂದೆ.
ಟೇಪು ಸುತ್ತಿದೆ: ಇಪ್ಪತ್ತೇಳು.
ನಮ್ಮಲ್ಲಿ ಇಪ್ಪತ್ತೇಳು
ಶಾಲೆ ಹುಡುಗರ ಸೈಜು.

ಸಂಜೆ ಬಂದ, ತೊಟ್ಟ,
ಕನ್ನಡಿ ಮುಂದೆ ನಡೆದು ನೋಡಿದ.
ಎಡಗಾಲು ಅವನದೇ.
ಬಲಗಾಲು ಬೇರೆ ಯಾರದೋ.
ನೂರು ಕೊಟ್ಟ, ಚಿಲ್ಲರೆ ಬಿಟ್ಟ,
ಅಂಗಿ ಎಳಕೊಂಡು ಬೆಳಕಿಗಿಳಿದ.
ಏನೂ ಕಾಣಲಿಲ್ಲ. ನನ್ನ ಕೆಲಸ ಅಷ್ಟು ಚೊಕ್ಕ.

ತಳಕ್ಕೆ ಮಾತ್ರ ಕಚ್ಚಾ ಹೊಲಿಗೆ ಹಾಕಿದ್ದೆ, ಬೇಕಂತಲೇ.
ನಾಕು ದಿನಕ್ಕೆ ಬಿಚ್ಚಲಿ,
ಮಂದಿ ಮುಂದೆ ಬೀಳಲಿ,
ಯಾರಾದರೂ ನೋಡಲಿ,
ಒಬ್ಬ ಮೇಷ್ಟ್ರಾದರೂ ಕಪಾಳಕ್ಕೆ ಬಿಗಿಯಲಿ.

ಬೀಳುವಾಗಲೇ ಸಿಡಿದರೆ?

ಅದು ಹೊಳೆದದ್ದು ರಾತ್ರಿ, ಕರೆಂಟು ಹೋದ ಮೇಲೆ,
ಮೈಯೆಲ್ಲ ಬೆವರು.
ಕತ್ತಲಲ್ಲಿ ಎದ್ದು
ಬಾಗಿಲ ಬಳಿ ತಡಕಾಡಿದೆ,
ಮಗಳ ಚಪ್ಪಲಿ
ಎರಡೂ ಇವೆಯೇ ಅಂತ.