ಮುಚ್ಚಳ

ಅಂಚೆಯಲ್ಲಿ ಬಂತು. ಬೆರಳುದ್ದದ ಕೊಳವೆ,
ತಳದಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಬಿಳಿ ಕಲೆ.
"ಇದಕ್ಕಾ ಮುನ್ನೂರು ಯೂರೋ?" ಅಂದಳು ಯಿಲ್ಡೌ.
ಕಾಲುವೆಯ ಸೇತುವೆ ಮೇಲೆ ವಾಫಲ್ ಮಾರಿ
ಕೂಡಿಸಿದ ದುಡ್ಡು.

ನಮಗೆ ಬೇಕಿದ್ದುದು ಒಂದು ಪೆಟ್ಟಿಗೆ,
ಧೂಳಿನ ಕಣವೂ ಅದರೆದುರು ಗುಡ್ಡ.
ಪೆಟ್ಟಿಗೆಗೊಂದು ಮುಚ್ಚಳ, ಮುಚ್ಚಳಕ್ಕೊಂದು ಬೀಗ.
ನಾಲ್ಕೇ ಅಕ್ಷರದಲ್ಲಿ ಬರೆದ ಎಳೆಗಳು
ತಮ್ಮ ಜೋಡಿ ತಾವೇ ಹುಡುಕಿ ಹೆಣೆದುಕೊಳ್ಳಬೇಕು.
ಕುದಿಯ ಹತ್ತಿರಕ್ಕೆ ಕಾಯಿಸಿ
ರಾತ್ರಿಯಿಡೀ ಆರಬಿಡುವುದಷ್ಟೇ ನಮ್ಮ ಬಡಗಿತನ.

ಹೊರಗೆ ಗ್ರೊನಿಂಗೆನ್ನಿನ ಗಾಳಿ
ಸೈಕಲ್ಲುಗಳನ್ನು ಸಾಲಾಗಿ ಕೆಡವುತ್ತಿತ್ತು.

ಬೆಳಿಗ್ಗೆ ಸೂಕ್ಷ್ಮದರ್ಶಕದ ಮುಳ್ಳು
ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವ ಕೈಯಂತೆ
ತಡವಿ ತಡವಿ ಬಿಡಿಸಿತು:
ಪೆಟ್ಟಿಗೆ! ಒಂದಲ್ಲ, ನೂರಾರು.

ಕೀಲಿಯ ಎಳೆ ಹಾಕಿದೆವು. ತೆರೆಯಲಿಲ್ಲ.
ಹದಿನೇಳನೆಯ ಸಾಲಿನಲ್ಲಿ ಒಂದಕ್ಷರ ತಪ್ಪು.
ಮಾರ್ಚ್ ತಿಂಗಳ ಯಾವುದೋ ಸಂಜೆ
ನಾನೇ ಒತ್ತಿದ ಗುಂಡಿ.
ಯಾರೂ ಬೈಯಲಿಲ್ಲ. ಅದೇ ಕಷ್ಟವಾಯಿತು.

ಯಿಲ್ಡೌ ಪರದೆಗೆ ಮೂಗು ತಾಗಿಸಿ
"ಒಳಗೆ ಈಗ ಏನಿದೆ?" ಅಂದಳು.
"ನೀರು," ಅಂದ ವೀಬೆ, ಕಣ್ಣುಜ್ಜುತ್ತ.
"ನೀರೇ. ಚೂರು ಉಪ್ಪು."
ಅವಳು ನಕ್ಕುಬಿಟ್ಟಳು.
ಶನಿವಾರಕ್ಕೆ ಹಿಟ್ಟು ಎಷ್ಟು, ಬೆಣ್ಣೆ ಎಷ್ಟು ಎಂದು
ನನ್ನ ತಪ್ಪಿದ್ದ ಹಾಳೆಯ ಹಿಂದೆಯೇ
ಲೆಕ್ಕ ಶುರುಮಾಡಿದಳು.