ತೊಂಬತ್ತಾರು ಮನೆ

ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆದ ಪಟ್ಟಿ,
ಮೊದಲು ಮೂರೇ ಸಾಲು:
ಫಿಲೋಮಿನಾ ಸಿಸ್ಟರಿಗೆ ಮಫ್ಲರು, ಹಬ್ಬದೊಳಗೆ;
ಕುಸುಮಕ್ಕನ ಮೊಮ್ಮಗುವಿಗೆ ಕುಲಾವಿ, ತಲೆ ಬೆಳೆಯುವುದರೊಳಗೆ;
ಭಾವನಿಗೆ ಸ್ವೆಟರು, ಹೊಟ್ಟೆ ಬೆಳೆಯುವುದರೊಳಗೆ.

ಆಮೇಲೆ ಆಸ್ಪತ್ರೆಯ ಲ್ಯಾಬಿನಲ್ಲಿ
ರಕ್ತದ ಸೀಸೆಗಳು ಗಿರಗಿರ ತಿರುಗುವ ಹತ್ತು ನಿಮಿಷ
ನನ್ನ ಕೈಯಲ್ಲಿ ಕಡ್ಡಿ ಕಂಡವರೆಲ್ಲ
‘ನಂಗೂ ಒಂದು ಹಾಕ್ಕೊಡ್ರೀ’ ಅಂದರು,
ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳಿದಷ್ಟು ಸಲೀಸಾಗಿ.
ಹೂಂ ಅಂದೆ. ಹೂಂ ಅಂದೆ.
ನನ್ನ ಬಾಯಿಗೆ ಅದೊಂದೇ ಹೆಣಿಗೆ ಗೊತ್ತು.
ಪಟ್ಟಿ ಈಗ ಬಿಲ್ಲಿನ ಮುಂಭಾಗಕ್ಕೂ ಹತ್ತಿ
ಬಾಕಿ ಮೊತ್ತದ ಮೇಲೆ ಕೂತಿದೆ.

ರಜೆ ಎಂಟು ದಿನ.
ತುಮಕೂರಿನಿಂದ ನಾದಿನಿ, ಅವಳ ಗಂಡ, ಮಕ್ಕಳು, ಮಾವ.
ಇಳಿದ ಗಳಿಗೆಯಿಂದ ಒಂದೇ ಮಾತು, ‘ಅತ್ತೆ, ಇವತ್ತೆಲ್ಲಿಗೆ?’
ನಾಸಿರನ ಟೆಂಪೋ ಗೇಟಿನಲ್ಲಿ ಹಾರ್ನು ಹಾಕುತ್ತದೆ.
ಬೀಗ ಹಾಕಿ, ಗ್ಯಾಸ್ ಆರಿಸಿದ್ದು ನೆನಪಾಗದೆ
ಬೀಗ ತೆಗೆದು, ನೋಡಿ, ಮತ್ತೆ ಹಾಕಿ
ಒಂದು ಮನೆ ಬಿಟ್ಟು ಹೊರಟವಳ ಮಡಿಲಲ್ಲಿ
ತೊಂಬತ್ತಾರು ಮನೆ.
ಎರಡು ಸೀದಾ, ಎರಡು ಉಲ್ಟಾ.
ಬೇಲೂರು ರಸ್ತೆಯ ಪ್ರತಿ ಹಂಪಿಗೂ
ಯಾವುದಾದರೊಂದು ಮನೆ ಕಡ್ಡಿಯಿಂದ ಇಳಿದುಹೋಗುತ್ತದೆ,
ಹೇಳದೆ ಕೇಳದೆ.

ಹಳೇಬೀಡಿನಲ್ಲಿ ಗೈಡು ಕೋಲೆತ್ತಿ
‘ಹನ್ನೆರಡನೇ ಶತಮಾನ’ ಅಂದ.
ನಾನು ಹದಿನಾಲ್ಕನೇ ಸಾಲಿನಲ್ಲಿದ್ದೆ.
ಅವನು ಆನೆ ಎಣಿಸಿದ, ನಾನು ಮನೆ ಎಣಿಸಿದೆ,
ಎರಡೂ ಕಲಸಿಹೋಗಿ
ಭಾವನ ಬೆನ್ನು ಎರಡು ಆನೆಯಷ್ಟು ಅಗಲವಾಯಿತು.
ಮೂಲೆಯಲ್ಲಿ ಅರ್ಧ ಕೆತ್ತಿ ಬಿಟ್ಟ ಕಲ್ಲೊಂದಿತ್ತು.
ಮೂಗಿಲ್ಲ, ಕೈ ಇನ್ನೂ ಕಲ್ಲೊಳಗೇ.
ಎಂಟು ನೂರು ವರ್ಷವಾಯಿತು,
‘ನಂದೇನಾಯ್ತಮ್ಮ?’ ಅಂತ ಯಾರೂ ಕೇಳಿಲ್ಲ.
ಪುಣ್ಯವಂತ.

ಶೆಟ್ಟಿಹಳ್ಳಿಯಲ್ಲಿ, ನೀರಲ್ಲಿ ನಿಂತ ಇಗರ್ಜಿಗೆ ಬೆನ್ನು ಮಾಡಿ
ಎಲ್ಲರೂ ಹಲ್ಲು ಬಿಟ್ಟ ಹೊತ್ತಿಗೆ
ಹಸಿರು ಉಂಡೆ ಉರುಳಿ ಹಿನ್ನೀರು ಸೇರಿತು.
ಹಂಸಿನಿ ಲಂಗ ಎತ್ತಿ ಇಳಿದು ತಂದಳು, ಕೆಸರು ಸಮೇತ.
ಎನ್.ಆರ್. ಸರ್ಕಲ್ಲಿನ ಅಂಗಡಿಯವ ಟ್ಯೂಬ್‌ಲೈಟಿನಡಿ ಹಿಡಿದು
‘ಇದೂ ಅದೇ ಹಸಿರು ಮೇಡಂ’ ಅಂದ.
ಬಿಸಿಲಿಗೆ ತಂದರೆ
ಒಂದು ತೋಳು ಅವರೆಕಾಳು, ಇನ್ನೊಂದು ಅವರೆಯ ಸಿಪ್ಪೆ.

ಮುಳ್ಳಯ್ಯನಗಿರಿಯ ಮೆಟ್ಟಿಲ ಬುಡದಲ್ಲಿ
‘ಮಂಡಿ ನೋವು, ನೀವು ಹೋಗಿಬನ್ನಿ’ ಅಂದೆ.
ಮಂಡಿ ಚೆನ್ನಾಗಿಯೇ ಇದೆ.
ಗಾಡಿಯಲ್ಲಿ ಉಳಿದದ್ದು ನಾನು, ಧರ್ಮಪ್ಪ ಮಾವ.
ಸಕ್ಕರೆ ಕಾಯಿಲೆ ಅವರ ಬಲಗಾಲು ತೆಗೆದುಕೊಂಡು ನಾಲ್ಕು ವರ್ಷ.
ಉಂಡೆ ಅವರೇ ಹಿಡಿದರು,
ಬೇಕಾದಷ್ಟೇ ಎಳೆ ಬಿಡುತ್ತ;
ಹಳೇ ಬಸ್ ಡ್ರೈವರು,
ತಿರುವಿನಲ್ಲಿ ಸ್ಟೇರಿಂಗ್ ಸಡಿಲಿಸುವ ಹದ ಇನ್ನೂ ಕೈಯಲ್ಲಿತ್ತು.
ಮಂಜು ಬಂದು ಕಿಟಕಿಗೆ ಒರಗಿತು.

‘ನಿನ್ನ ಪಟ್ಟೀಲಿ ನನ್ನ ಹೆಸರೈತಾ ತಾಯಿ?’
ಇರಲಿಲ್ಲ.
‘ಒಂದು ಕಾಲುಚೀಲ ಹಾಕು. ಎಲ್ಲರಿಗಿಂತ ನಾನೇ ಸಲೀಸು,
ಅರ್ಧ ಕೆಲಸ.’
ನಗಬೇಕೋ ಬೇಡವೋ ತಿಳಿಯದೆ
ಭಾವನನ್ನು ಮಡಿಚಿ ಚೀಲಕ್ಕೆ ಹಾಕಿದೆ.

ಮಫ್ಲರು ಹಬ್ಬ ಕಳೆದ ಮೂರನೇ ದಿನ ಸಿಸ್ಟರ ಕತ್ತು ಮುಟ್ಟಿತು.
ಕುಲಾವಿ ಮಗುವಿಗೆ ಹಿಡಿಯದೆ ಗೊಂಬೆಯ ಪಾಲಾಯಿತು.
ಸ್ವೆಟರಿಗೆ ಇನ್ನೂ ಕೊರಳಿಲ್ಲ.
ಅವರು ಹೊರಡುವ ಬೆಳಿಗ್ಗೆ, ಹಾಸನದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ
ಕೊನೆಯ ಮನೆ ಮುಚ್ಚಿ, ಎಳೆ ಕಡಿದು ಕೊಟ್ಟೆ.

ಮಾವ ಹಾಕಿಕೊಂಡರು. ಬೆರಳಾಡಿಸಿದರು.
‘ಬೆಚ್ಚಗೈತೆ’ ಅಂದರು. ಬಸ್ಸು ಹತ್ತಿ, ಕಿಟಕಿಯಿಂದ ಬಗ್ಗಿ,
‘ಒಗೆದು ಹಾಕಿದ ದಿನಕ್ಕೆ?’

ಬಿಲ್ಲಿನಲ್ಲಿ ಜಾಗವಿಲ್ಲ.
ಅಂಚಿನಲ್ಲಿ ಅಡ್ಡಡ್ಡ ಬರೆದುಕೊಂಡೆ:
ಮಾವನಿಗೆ, ಇನ್ನೊಂದು ಎಡಗಾಲು.