ಹನ್ನೊಂದನೆಯವನು

ಬಳ್ಳಾರಿ ಕೌಲ್ ಬಜಾರಿನ ಒಗ್ಗರಣೆ-ಮಿರ್ಚಿ ಅಂಗಡಿಯಲ್ಲಿ
ಭಾನುವಾರ ಭಾನುವಾರ ನಾವು ನಾಲ್ವರು ಕೂತು
ಎಪ್ಪತ್ತೆಂಟರ ಕಾಲೇಜು ಟೀಮನ್ನು ಎಣಿಸುತ್ತೇವೆ.
ಬೆರಳಿಗೆ ಎಣ್ಣೆ. ಹೆಸರು ಜಾರುತ್ತವೆ.
ಪ್ರತಿ ಸಲವೂ ಹತ್ತೇ.

ಸೆಲ್ವರಾಜನ ಬಗ್ಗೆ ಜಗಳವಿಲ್ಲ.
ಅವನ ಫೋಟೊ ಪೇಪರಿನಲ್ಲಿ ಬಂತು,
ರೈಲ್ವೆಯವರು ಕರೆದು ಕೆಲಸ ಕೊಟ್ಟರು,
ಸತ್ತ ಮೇಲೆ ಗುಂತಕಲ್ಲಿನಲ್ಲಿ ಒಂದು ಕಪ್ಪಿಗೆ
ಅವನ ಹೆಸರಿಟ್ಟರು.
ಅವನನ್ನು ನೆನೆಯಲು ನಾವು ಬೇಕಿಲ್ಲ.

ನಮಗೆ ಬೇಕಾದವರು ಬೇರೆ.
ಹಾಫ್ ಬ್ಯಾಕ್ ವನ್ನೂರಪ್ಪ,
ಮೂರು ವರ್ಷವೂ ಬರಿಗಾಲಲ್ಲೇ ಆಡಿದವನು,
ಬೂಟಿನ ಕಾಲುಗಳ ನಡುವಿನಿಂದ ಚೆಂಡನ್ನು
ಮಲಗಿದ ಕೂಸನ್ನು ಎತ್ತಿಕೊಂಡ ಹಾಗೆ ತೆಗೆಯುತ್ತಿದ್ದ,
ಯಾರಿಗೂ ಎಚ್ಚರವಾಗದಂತೆ.
ಗೋಲಿ ಖಾಜಾ ಮೈನುದ್ದೀನ್,
ರಾತ್ರಿ ಟಾಕೀಸಿನ ಗೇಟು, ಸಂಜೆ ನಮ್ಮ ಗೇಟು.
‘ಅಲ್ಲಿ ಟಿಕೀಟಿಲ್ದೋರ್ನ ಬಿಡಲ್ಲ, ಇಲ್ಲೂ ಬಿಡಲ್ಲ’ ಅನ್ನುತ್ತಿದ್ದ.
ಧಾರವಾಡದ ಫೈನಲಿನಲ್ಲಿ ಹತ್ತು ನಿಮಿಷಕ್ಕೇ
ಎರಡು ಒಳಗೆ ಬಿಟ್ಟನೆಂಬುದನ್ನು
ನಾವು ಗಟ್ಟಿಯಾಗಿ ಹೇಳುವುದಿಲ್ಲ:
ಅವನ ತಮ್ಮ ಪಕ್ಕದಲ್ಲೇ ಪಂಚರ್ ಹಾಕುತ್ತಾನೆ.

ಮೈದಾನವೆಂದರೆ ಎಂಥ ಮೈದಾನ!
ಹುಲ್ಲಿನ ಎಸಳಿಲ್ಲ, ಬರೀ ಕೆಂಪು ಗರಸು.
ಬಿದ್ದವನ ಮೊಳಕಾಲಿನಲ್ಲಿ ಹೊಕ್ಕ ಕಲ್ಲು
ಮದುವೆಯ ತನಕ ಒಳಗೇ ಇರುತ್ತಿತ್ತು.
ಸುಣ್ಣದ ಗೆರೆ ಎಳೆಯುವವನು ನಾನು,
ಗಾಳಿ ಎದ್ದರೆ ಪೆನಾಲ್ಟಿ ಬಾಕ್ಸು
ಹಾರಿ ಹಾಸ್ಟೆಲಿನ ಅಡುಗೆಮನೆ ಸೇರುತ್ತಿತ್ತು.
ಐದು ದಾಟಿದರೆ ಕೋಟೆಗುಡ್ಡದ ನೆರಳು
ಒಂದು ಗೋಲನ್ನಷ್ಟೇ ಮುಟ್ಟುತ್ತಿತ್ತು.
ಸೆಕೆಂಡ್ ಹಾಫಿಗೆ ಆ ತುದಿಯೇ ಸಿಗುವ ಹಾಗೆ
ಟಾಸು ಕೇಳುತ್ತಿದ್ದೆವು.
ಹೊರಗಿನವರು ಕಣ್ಣಿಗೆ ಕೈ ಅಡ್ಡ ಹಿಡಿದೇ ಸೋಲುತ್ತಿದ್ದರು.

ಸರಿ, ಹನ್ನೊಂದನೆಯವನು ಯಾರು?
‘ಗಾದಿಲಿಂಗ,’ ಅಂದ ಪಂಪಾಪತಿ,
‘ಲೆಫ್ಟ್ ಬ್ಯಾಕು. ಹಗರಿ ತುಂಬಿದ್ರೂ
ಮೋಕದಿಂದ ಪ್ರಾಕ್ಟೀಸಿಗೆ ಬರ್ತಿದ್ದ.’
‘ಅವ ಹಾಫ್ ಟೈಮಿಗೆ ಲಿಂಬೆಹಣ್ಣು ಕೊಯ್ಯೋನು,’
ದೇವಸಹಾಯಂ ತಟ್ಟೆ ಕುಕ್ಕಿದ,
‘ಆಡಿದ್ದು ನಮ್ಮ ಏಳುಮಲೈ!’
ಚಹಾ ಬಂತು. ಜಗಳ ನಡೆದೇ ಇತ್ತು.
ನಿಜ ಹೇಳಬೇಕೆಂದರೆ
ಧಾರವಾಡಕ್ಕೆ ನಾವು ಹೋಗಿಯೇ ಇರಲಿಲ್ಲ,
ಬಸ್ ಚಾರ್ಜಿಗೆ ದುಡ್ಡಿರಲಿಲ್ಲ.
ಆ ಫೈನಲನ್ನು ನಲವತ್ತು ವರ್ಷದಿಂದ
ಕೇಳಿದ್ದರಲ್ಲೇ ನೋಡುತ್ತಿದ್ದೇವೆ.

‘ಗಾದಿಲಿಂಗನೇ,’ ಅಂದ ಹುಲುಗಪ್ಪ.

ಹುಲುಗಪ್ಪ ಮಾತಾಡುವವನಲ್ಲ.
ಜೀನ್ಸ್ ಕಾರ್ಖಾನೆಯಲ್ಲಿ ಗುಂಡಿ ಹೊಡೆದೂ ಹೊಡೆದೂ
ಅರ್ಧ ಕಿವುಡು. ಬೆರಳಿಗೆ ನೀಲಿ.
ಬಂದು ಕೂರುತ್ತಾನೆ, ನಗುತ್ತಾನೆ, ಬಿಲ್ಲು ಕೊಡುತ್ತಾನೆ.
‘ಅವನ ಕೊರಳೆಲುಬು ಮುರೀತು.
ಕೊನೀ ಇಪ್ಪತ್ತು ನಿಮಿಷ ನಾನಿದ್ನಿ.
ಅವನ ಅಂಗೀನೇ ಹಾಕ್ಕೊಂಡು ಇಳದ್ನಿ,
ಬೆವರು ಇನ್ನಾ ಬಿಸಿ ಇತ್ತು.’

ಅಂಗಡಿಯ ಬಾಣಲೆಯೊಂದೇ ಚುರ್ರೆಂದಿತು.
‘ಯಾಕಲೇ, ಇಷ್ಟು ವರ್ಷ ಹೇಳ್ಲಿಲ್ಲ?’
‘ನೀವು ಕೇಳಿದ್ದು ಟೀಮು. ನಾನು ಟೀಮಲ್ಲಲ್ಲ.’
‘ಚೆಂಡು ಸಿಕ್ತೇನು?’
‘ಎರಡು ಸಲ. ಆಮ್ಯಾಲೆ ಒಂದು ಥ್ರೋ.’
‘ಯಾರಿಗೆ ಒಗದಿ?’

ಹುಲುಗಪ್ಪ ಎದ್ದ.
ಗೆರೆಯ ಹಿಂದೆ ಸರಿದವನ ಹಾಗೆ
ಬೆಂಚಿನಿಂದ ಅರ್ಧ ಹೆಜ್ಜೆ ಹಿಂದಿಟ್ಟ,
ಎರಡೂ ಹಿಮ್ಮಡಿ ನೆಲಕ್ಕೂರಿದ,
ಆ ನೀಲಿ ಕೈಗಳನ್ನು ತಲೆಯ ಹಿಂದೆ ಒಯ್ದು
ಬಾಗಿಲಿನ ಕಡೆ ಎಸೆದ.

ನಾವು ಮೂವರೂ ತಿರುಗಿದೆವು,
ರಸ್ತೆ, ಆಟೊ, ಪಂಚರ್ ಅಂಗಡಿ ದಾಟಿ
ಅದು ಯಾರ ಕಾಲಿಗೆ ಹೋಯಿತೆಂದು.
ಪಂಪಾಪತಿ ಕುತ್ತಿಗೆಯನ್ನೂ ಎತ್ತಿದ.

ಬಿಲ್ಲನ್ನು ಅವತ್ತು ನಾವೇ ಕೊಟ್ಟೆವು.
ಎಂಬತ್ತು ರೂಪಾಯಿ.
ಚಿಲ್ಲರೆಗೆ ದೇವಸಹಾಯಂ ಇನ್ನೂ ಹುಡುಕುತ್ತಲೇ ಇದ್ದ,
‘ಏಳುಮಲೈ ಮತ್ತೆ ಯಾವ ವರ್ಷ ಆಡಿದ?’ ಎನ್ನುತ್ತ.